ಗರಡಿ ಕೇಳಿದ ಪ್ರತಿಮಾ

ನಾನು ತೊಡೆ ತಟ್ಟಿದರೆ ಹಳೇಬೀಡಿನ ಗೋಡೆಯ ಕಲ್ಲಾನೆಗಳು ಹೆಜ್ಜೆ ತಪ್ಪುತ್ತಿದ್ದವು. ನನ್ನ ಬೆನ್ನು ನೆಲ ಕಂಡದ್ದು ನಿದ್ದೆಯಲ್ಲಿ ಮಾತ್ರ. ಅದೂ ಚಾಪೆಯ ಮೇಲೆ. ನಮ್ಮೂರು ಗಂಡಸಿಯ ಗರಡಿಯ ಬೀಗದ ಕೈ ಮೊನ್ನೆಯವರೆಗೂ ನನ್ನ ಉಡಿದಾರದಲ್ಲಿ ತೂಗುತ್ತಿದ್ದುದು ಇದೇ ಕಾರಣಕ್ಕೆ. ಒಳಗೆ ಕುಸ್ತಿ ನಿಂತು ಬಹಳ ಕಾಲವಾಗಿತ್ತು. ಹಲ್ಲಿಗಳು ಮಾತ್ರ ಸಾಮು ಮಾಡುತ್ತಿದ್ದವು.

ಆ ಗರಡಿ ಬೇಕೆಂದು ಕೇಳಿ ಬಂದವಳು ನನ್ನ ತಮ್ಮನ ಮಗಳು ಪ್ರತಿಮಾ, ಅರಸೀಕೆರೆಯ ಹೈಸ್ಕೂಲಿನಲ್ಲಿ ಆಟದ ಟೀಚರು. ಮೈಸೂರಿಗೆ ಓದಲು ಹೋದವಳು ಜುಜಿತ್ಸು ಎಂಬ ಪರದೇಶದ ಕುಸ್ತಿ ಕಲಿತು ಬಂದಳು. ಅದರಲ್ಲೂ ನೋ-ಗಿ: ದಪ್ಪ ಅಂಗಿಯಿಲ್ಲ, ಮೈಗಂಟಿದ ಟೀ ಶರ್ಟು, ಹಿಡಿಯಲು ಬಟ್ಟೆಯ ಚುಂಗೂ ಸಿಗದು. ಕಲಿಯಲು ಶುರುಮಾಡಿದ ಹೊಸತರಲ್ಲಿ ಊರಿಗೆ ಬಂದರೆ ಅವಳಿಗೆ ಕತ್ತು ತಿರುಗುತ್ತಿರಲಿಲ್ಲ. ಕರೆದರೆ ಇಡೀ ಮೈಯನ್ನೇ ಬಸ್ಸಿನಂತೆ ರಿವರ್ಸ್ ತೆಗೆಯುತ್ತಿದ್ದಳು. ಅದನ್ನು ಬಿಟ್ಟುಬಿಡೆಂದು ನಾನಂದರೆ ಮರುದಿನವೇ ಮೈಸೂರಿನ ಬಸ್ಸು ಹತ್ತಿದಳು.

ಊರಿನ ಹುಡುಗಿಯರಿಗೆ ಅವಳು ಅದನ್ನೇ ಕಲಿಸುತ್ತಿದ್ದುದು ಗಂಡನ ಕೊಬ್ಬರಿ ಗೋದಾಮಿನಲ್ಲಿ. ಈ ಸಲ ಗೋದಾಮಿನ ತುಂಬ ಮೂಟೆಗಳು. ಬೇರೆ ಜಾಗ ಸಿಗದಿದ್ದರೆ ಕ್ಲಾಸು ಮುಚ್ಚಬೇಕು.

“ದೊಡ್ಡಪ್ಪ, ಗರಡಿ ಕೊಡಿ.”

“ನನ್ನ ಬಾಯಲ್ಲಿ ಸೋತೆ ಅನ್ಸು, ತಗೊಂಡೋಗು. ಆಗ್ದಿದ್ರೆ ನಿನ್ ಮ್ಯಾಟ್‌ನ ರಾಗಿ ಒಣಗ್ಸಕ್ಕೆ ಹಾಸ್ಕೋ.”

“ಆಮೇಲೆ ಮಾತು ತಿರುಗಿಸ್ಬಾರ್ದು.”

“ಆನೆ ಮಾತು ತಿರುಗುಸ್ತದೇನೇ?”

ಗರಡಿಯಲ್ಲಿ ಮ್ಯಾಟು ಹಾಸಿದಳು. ತೊಡೆ ತಟ್ಟಿದೆ. ಆನೆಗಳ ಸುದ್ದಿ ಗೊತ್ತಿಲ್ಲ, ನನ್ನ ಮಂಡಿ ಮಾತ್ರ ಲಟಕ್ಕೆಂದಿತು. ನಾನು ಮೈಮೇಲೆ ಬೀಳುವ ಮೊದಲೇ ಅವಳು ತಾನಾಗಿ ಅಂಗಾತ ಮಲಗಿಬಿಟ್ಟಳು! ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಕಥೆ ಮುಗಿಯಿತು. ಮಂಡಿಯೂರಿ ಅವಳ ಭುಜ ಅದುಮಿ, “ಚಿತ್!” ಎಂದು ಕೂಗಿ, ಕಿಟಕಿಯಲ್ಲಿ ಇಣುಕುತ್ತಿದ್ದ ಹುಡುಗಿಯರತ್ತ ಒಂದು ಕೈ ಬೀಸಿದೆ.

“ನೀನ್ ಸೋತೆ ಕಣೇ!”

“ಇನ್ನೂ ಶುರುನೇ ಆಗಿಲ್ಲ, ದೊಡ್ಡಪ್ಪ.”

ಅವಳ ಕಾಲುಗಳು ನನ್ನ ಕತ್ತನ್ನೂ ಉಳಿದ ಕೈಯನ್ನೂ ಒಟ್ಟಿಗೆ ಸುತ್ತಿಕೊಂಡವು. ನಮ್ಮದು ಮುಗಿಯುವ ಕಡೆಯೇ ಇವರದು ಶುರುವಾಗುತ್ತದೆಂದು ಯಾರೂ ಹೇಳಿರಲಿಲ್ಲ. ಗಂಡಸಿಯಿಂದಲೇ ನನಗೆ ಬೇಲೂರಿನ ಗೋಪುರ ಕಾಣಿಸಿತು, ಒಂದಲ್ಲ, ಮೂರು.

“ಸಾಕಾದ್ರೆ ಮ್ಯಾಟ್ ತಟ್ಟಿ, ಬಿಡ್ತೀನಿ!”

ನಾನು ಮ್ಯಾಟು ತಟ್ಟಿದ ರಭಸಕ್ಕೆ ಅತ್ತ ಬೇಲೂರಿನಾಚೆಯ ಗೆಂಡೆಹಳ್ಳಿಯಲ್ಲಿ ಯಾರೋ ಎದ್ದು ಬಾಗಿಲು ತೆರೆದರಂತೆ. ಉಸಿರು ಬಂದ ಮೇಲೆ “ಸೋತೆ” ಎಂದೆ. ಅದನ್ನೂ ಇನ್ನೊಮ್ಮೆ ಜೋರಾಗಿ ಹೇಳಿಸಿದಳು.

ಬೀಗದ ಕೈ ಬಿಚ್ಚಿ ಕೊಡುತ್ತಾ ಗೊಣಗಿದೆ: “ವಯಸ್ಸಾಯ್ತು ಕಣೇ. ಮೂವತ್ತು ವರ್ಷದ ಹಿಂದೆ ಬಂದಿದ್ರೆ ತೋರಿಸ್ತಿದ್ದೆ.”

“ಆಗ ನಾನಿನ್ನೂ ಹುಟ್ಟಿರ್ಲಿಲ್ಲ, ದೊಡ್ಡಪ್ಪ. ಅದುಕ್ಕೇ ನೀವು ಗೆದ್ಕೊಂಡ್ ಬಂದ್ರಿ.”