ಈಗ ಬ್ಯಾಡ, ಬಿಡ್ರಿ

೧೯೮೧ರಲ್ಲಿ ನಾನು ಗಂಗಾವತಿ ತಾಲ್ಲೂಕಿನ ಒಂದು ಉಪಕಾಲುವೆಗೆ ಸೆಕ್ಷನ್ ಆಫೀಸರ್. ಹದಿನಾಲ್ಕು ಮೈಲಿ ಕಾಲುವೆ, ಅದರ ಗೇಟುಗಳು, ಗೇಟು ಕಾಯುವ ಲಸ್ಕರ್‌ಗಳು, ಸದಾ ಗೊರಗುಡುವ ಒಂದು ಟೆಲಿಫೋನು ಮತ್ತು ನನ್ನ ಮುಂಗೋಪ. ಇಷ್ಟೇ ನನ್ನ ಸಂಸ್ಥಾನ.

ಇಲಾಖೆಯ ಕ್ಯಾಂಪಿನಲ್ಲಿದ್ದ ನಮ್ಮ ಕ್ವಾರ್ಟರ್ಸ್ ಎದುರಿಗೇ ಒಂದು ಡ್ರಾಪ್ ಇತ್ತು. ನೆಲ ತಗ್ಗಾದಲ್ಲಿ ಕಾಲುವೆಯ ನೀರನ್ನು ಕಲ್ಲಿನ ಇಳಿಜಾರಿನ ಮೇಲೆ ಕೆಳಗಿಳಿಸುವ ಕಟ್ಟಡಕ್ಕೆ ಇಲಾಖೆಯಲ್ಲಿ ಹಾಗೆನ್ನುತ್ತಾರೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಸೋರಿಕೆ ನೀರು ಪಾದ ಮುಳುಗುವಷ್ಟು ಹರಿಯುತ್ತಿತ್ತು. ಪಾಚಿಗಟ್ಟಿದ ಆ ಇಳಿಜಾರಿನಲ್ಲಿ ಕ್ಯಾಂಪಿನ ಮಕ್ಕಳೆಲ್ಲ ಚಡ್ಡಿ ಹರಿಯುವಂತೆ ಜಾರುತ್ತಿದ್ದರು. ಕೆಳಗಿನ ಹೊಂಡದಲ್ಲಿ ಆಗ ಮೊಣಕಾಲುದ್ದ ನೀರು. ಕಾಲುವೆ ತುಂಬಿದಾಗ ಅದೇ ಹೊಂಡ ಒಂದು ಎಮ್ಮೆಯನ್ನು ಗರಗರ ತಿರುಗಿಸಿ ನುಂಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಗಿರಿಜಮ್ಮ ಕ್ಯಾಂಪಿನ ಬಾಲವಾಡಿ ಶಿಕ್ಷಕಿ. ಪೋಲಿಯೊದಿಂದ ಎರಡೂ ಕಾಲು ಸೊರಗಿದ್ದವು. ಹೊರಗೆ ಊರುಗೋಲು, ಮನೆಯೊಳಗೆ ಕೂತೇ ಸರಿದಾಟ. ಪ್ರತಿ ಬೇಸಿಗೆ ದಂಡೆಯ ಮೇಲೆ ಕೂತು ಮಕ್ಕಳ ಚಪ್ಪಲಿ ಕಾಯುತ್ತಿದ್ದಳು. ಒಂದು ದಿನ ನನ್ನ ಹೆಂಡತಿ ಸುಮಿತ್ರೆಗೆ, "ಅಕ್ಕಾರ, ಎಷ್ಟ್ ವರ್ಷ ಚಪ್ಪಲಿ ಕಾಯಲ್ರಿ? ಒಮ್ಮೆ ನಾನೂ ಜಾರಬೇಕ್ರಿ," ಅಂದಳಂತೆ.

ಮೇ ತಿಂಗಳ ಒಂದು ಬೆಳಿಗ್ಗೆ ಮಕ್ಕಳನ್ನು ಮನೆಗೆ ಓಡಿಸಿ, ನಾನೂ ಸುಮಿತ್ರೆಯೂ ಗಿರಿಜಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹೊರಲು ಸಜ್ಜಾದೆವು. ಅಷ್ಟರಲ್ಲಿ ಫೋನು. ಮೂರು ಮೈಲಿ ಮೇಲಿನ ಗೇಟಿನ ಲಸ್ಕರ್ ಯಮನಪ್ಪ, ವಯಸ್ಸಿನಲ್ಲಿ ನನಗಿಂತ ಹಿರಿಯ. ಕುಡಿಯುವ ನೀರಿಗೆಂದು ಅಂದು ಸಂಜೆ ಕೆಳಗಿನ ಕೆರೆ ತುಂಬಿಸಬೇಕಿತ್ತು.

"ಸಾಹೇಬ್ರ, ಕೆರಿಗೆ ನೀರು ಈಗ ಬಿಡ್ಲೇನ್ರಿ?"

"ಈಗ ಬ್ಯಾಡ, ಬಿಡ್ರಿ!" ಎಂದು ಗದರಿ ಫೋನು ಕುಕ್ಕಿದೆ.

ಗಿರಿಜಮ್ಮ ಇಳಿಜಾರಿನ ನೆತ್ತಿಯಲ್ಲಿ ಒಂದು ಗಂಟೆ ಸುಮ್ಮನೆ ನೀರಲ್ಲಿ ಕೂತಳು. ಆಸೆಯೂ ಇತ್ತು, ಅಂಜಿಕೆಯೂ ಇತ್ತು. ಕೊನೆಗೆ ಕಣ್ಣು ಮುಚ್ಚಿ, "ಯವ್ವಾ!" ಎಂದು ಜಾರಿ ಹೊಂಡಕ್ಕೆ ಬಿದ್ದು ನಕ್ಕಳು ನೋಡಿ, ಹೊಂಡದಲ್ಲಿ ಕಾಯುತ್ತಿದ್ದ ನನಗೂ ನಗು ತಡೆಯಲಿಲ್ಲ. ಸುಮಿತ್ರೆ ಊರುಗೋಲು ಹಿಡಿದು ದಂಡೆಯ ಮೇಲಿದ್ದಳು.

ಆಗ ಮೇಲಿಂದ ಒಣಹುಲ್ಲು, ಕಡ್ಡಿಕಸ, ಕಂದು ನೊರೆ ಇಳಿದು ಬಂತು. ಬಂದ್ ಇರುವ ಕಾಲುವೆಯಲ್ಲಿ ಕಸ ತಾನಾಗಿ ಬರುವುದಿಲ್ಲ. ಹೊಸ ನೀರು ಅದನ್ನು ಮುಂದೆ ತಳ್ಳಿಕೊಂಡು ಬರುತ್ತದೆ. ಯಾರೋ ಗೇಟು ಎತ್ತಿದ್ದರು.

ಆಕೆಯನ್ನು ಎತ್ತಿಕೊಳ್ಳಲು ಹೋಗಿ ಪಾಚಿಯ ಮೇಲೆ ಜಾರಿದೆ. ಇಬ್ಬರೂ ಮುಳುಗಿ ಎದ್ದೆವು. ಕೂತಿದ್ದ ಆಕೆಯ ಕುತ್ತಿಗೆಗೆ ಆಗಲೇ ನೀರು ಬಂದಿತ್ತು.

"ನನ್ನ ಎತ್ತಬ್ಯಾಡ್ರಿ ಸಾಹೇಬ್ರ, ಇಬ್ರೂ ಸಾಯ್ತೀವಿ! ಕುಂಡ್ರರಿ! ಕುಂತ ಸರೀರಿ!"

ಪಾಚಿಯಲ್ಲಿ ನಿಂತವನಿಗೆ ಹಿಡಿತವಿಲ್ಲ. ಕೂತು ಸರಿಯುವುದು ಆಕೆಗೆ ದಿನನಿತ್ಯದ ನಡಿಗೆ. ಒಂದು ಅಂಗೈ ಊರಿ, ಇನ್ನೊಂದರಿಂದ ನನ್ನನ್ನೂ ಎಳೆದುಕೊಂಡು ಗೋಡೆಯವರೆಗೆ ಸರಿದಳು. ಗೋಡೆಯಲ್ಲಿ ಕಬ್ಬಿಣದ ಮೆಟ್ಟಿಲುಗಳಿದ್ದವು, ಆದರೆ ಕೆಳಗಿನದು ತುಕ್ಕು ತಿಂದು ಉದುರಿತ್ತು. ಸುಮಿತ್ರೆ ದಂಡೆಯ ಮೇಲೆ ಬೋರಲು ಮಲಗಿ ಊರುಗೋಲು ಇಳಿಬಿಟ್ಟಳು. ಗಿರಿಜಮ್ಮ ಅದನ್ನು ಹಿಡಿದಳು, ಆಮೇಲೆ ಮೆಟ್ಟಿಲು ಹಿಡಿದಳು. ಬರೀ ತೋಳಿನ ಬಲದಲ್ಲಿ ಒಂದೊಂದೇ ಮೆಟ್ಟಿಲು. ಕೆಳಗೆ ಹೆಗಲು ಕೊಟ್ಟ ನನಗೆ ಎದೆಮಟ್ಟ ನೀರು, ಕಾಲನ್ನು ಹಿಡಿದು ಎಳೆಯುತ್ತಿತ್ತು. ಅಂಜಿ ಗೊಳೋ ಎಂದು ಅತ್ತೆ. ಮುಚ್ಚಿಡುವುದೇನು?

ಆಕೆಯ ಹಿಂದೆಯೇ ನಾನೂ ಮೆಟ್ಟಿಲು ಹತ್ತಿದೆ. ಇಬ್ಬರೂ ದಂಡೆಯ ಮೇಲೆ ಬಿದ್ದುಕೊಂಡು ಕೆಳಗೆ ನೋಡಿದರೆ ಹೊಂಡ ಗರಗರ ತಿರುಗುತ್ತಿತ್ತು.

ಒದ್ದೆ ಬಟ್ಟೆಯಲ್ಲೇ ಓಡಿ ಫೋನು ಮಾಡಿದೆ. "ಯಾವನು ಹೇಳಿದ್ದು ನೀರು ಬಿಡಾಕ?"

"ನೀವ ಅಂದ್ರಲ್ರಿ, 'ಈಗ ಬಿಡ್ರಿ' ಅಂತ!" ಎಂದ ಯಮನಪ್ಪ.

'ಬ್ಯಾಡ' ಎಂಬ ಮಾತನ್ನು ಗೊರಗುಡುವ ಫೋನು ನುಂಗಿತ್ತು. ನಮ್ಮ ಕಡೆ 'ಬಿಡ್ರಿ' ಅಂದರೆ ಸುಮ್ಮನಿರ್ರಿ ಅಂತಲೂ ಹೌದು, ಹರಿಸ್ರಿ ಅಂತಲೂ ಹೌದು. ತಪ್ಪು ಅವನದಾಗಿರಲಿಲ್ಲ.

ಅಂದಿನಿಂದ ನನ್ನ ಸೆಕ್ಷನ್ನಿನಲ್ಲಿ ಎರಡೇ ಮಾತು: ಗೇಟು ತೆಗೆ, ಗೇಟು ಮುಚ್ಚು. ಕೇಳಿದವನು ಅದನ್ನು ತಿರುಗಿ ಹೇಳಬೇಕು, ಹೇಳಿದವನು ಕೇಳಿಸಿಕೊಂಡೇ ಫೋನಿಡಬೇಕು. ಕೊಟ್ಟ ಆಜ್ಞೆ ಆ ತುದಿಯಲ್ಲಿ ಏನಾಗಿ ಮುಟ್ಟಿತು ಎಂದು ನೋಡುವುದೂ ಆಜ್ಞೆ ಕೊಟ್ಟವನದೇ ಕೆಲಸ. ನಾನು ಇದನ್ನು ಕಲಿಯಲು ಒಂದು ಜೀವ ಸಾವಿನ ಅಂಚಿಗೆ ಹೋಗಬೇಕಾಯಿತು.

ಆ ಮಧ್ಯಾಹ್ನ ಗಿರಿಜಮ್ಮ ಕೌದಿ ಹೊದ್ದು ನಡುಗುತ್ತ ಕೂತಿದ್ದಳು. "ತಪ್ಪಾತು ತಂಗೆವ್ವ," ಎಂದು ಕೈಮುಗಿದೆ.

"ಬಿಡ್ರಿ ಸಾಹೇಬ್ರ," ಅಂದವಳು ನನ್ನ ಮುಖ ನೋಡಿ ನಾಲಗೆ ಕಚ್ಚಿಕೊಂಡಳು. "ಅಲ್ಲಲ್ಲ, ಹೋಗ್ಲಿ ಅಂದೆ! ಆದ್ರ ಮುಂದಿನ ಸಲ ಕಾಲುವಿ ಬಂದ್ ಆದಾಗ ಮತ್ತ ಕರಕೊಂಡ್ ಹೋಗಬೇಕ್ರಿ. ನೀವು ಅಂಜೀರಿ ಅಂತ ನಾ ಇನ್ನ ಚಪ್ಪಲಿ ಕಾಯಂಗಿಲ್ಲ."

ಮರುವರ್ಷ ಮೇ ತಿಂಗಳಲ್ಲಿ ಸೈಕಲ್ ತುಳಿದು ಮೇಲಿನ ಗೇಟಿಗೆ ಹೋದೆ. ನನ್ನ ಕೈಯಾರೆ ಬೀಗ ಹಾಕಿ, ಯಮನಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದು, ದಂಡೆಯ ಮೇಲೆ ಮಕ್ಕಳ ಚಪ್ಪಲಿ ಕಾಯಲು ಹಚ್ಚಿದೆ. ಗಿರಿಜಮ್ಮ ಅಂದು ಏಳು ಸಲ ಜಾರಿದಳು. ಏಳು ಸಲವೂ ನನ್ನ ಕೈ ಜೇಬಿನ ಕೀಲಿಕೈಯನ್ನು ಬಿಗಿಯಾಗಿ ಹಿಡಿದಿತ್ತು.