ಪೂಜೆಗಿಟ್ಟ ಹಾಜರಿ ಕಾರ್ಡುಗಳು

ಸಾಹುಕಾರರ ಕಿವಿಯಲ್ಲಿ ಸದಾ ಅತ್ತರಿನ ಹತ್ತಿ ಇರುತ್ತಿತ್ತು. ಎಡಗಿವಿಯೋ ಬಲಗಿವಿಯೋ ಈಗ ಖಚಿತವಿಲ್ಲ. ಇಲ್ಲಿ ಬರೆಯುವ ಇನ್ನೂ ಕೆಲವು ವಿವರಗಳು ಹೀಗೆಯೇ ತಪ್ಪಿರಬಹುದು. ಆದರೆ ಆ ಹತ್ತಿಯಿಂದ ಅವರಿಗಿದ್ದ ಅನುಕೂಲ ಮಾತ್ರ ಚೆನ್ನಾಗಿ ನೆನಪಿದೆ. ಹತ್ತಿಯಿಂದ ಬೀಜ ಬಿಡಿಸುವ, ಅಜ್ಜಂಪುರದ ಅವರ ಜಿನ್ನಿಂಗ್ ಮಿಲ್ಲಿನಲ್ಲಿ ಯಾರಾದರೂ ಹೆಂಗಸು ಕೂಲಿ ಹೆಚ್ಚಿಸಿ ಎಂದರೆ, ಕಿವಿ ತೋರಿಸಿ "ಹತ್ತಿ ಐತೆ ಕಣಮ್ಮ, ಕೇಳ್ಸಲ್ಲ" ಎನ್ನುತ್ತಿದ್ದರು. ಸುತ್ತಲಿದ್ದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅಂಗಳದ ಆ ತುದಿಯಲ್ಲಿ ಯಾರಾದರೂ ಹತ್ತಿಕಾಳಿನ ದರ ಪಿಸುಗುಟ್ಟಿದರೆ ಮಾತ್ರ ಅದೇ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ನಮ್ಮಪ್ಪ ಆ ಮಿಲ್ಲಿನ ಗುಮಾಸ್ತರು. ನಾನು ಬಿ.ಎ. ಮುಗಿಸಿದಾಗ ಮಠದ ಹಾಸ್ಟೆಲಿಗೆ ಪತ್ರ ಬರೆದುಕೊಟ್ಟು, ಮೈಸೂರಿನಲ್ಲಿ ಎಂ.ಎ. ಓದಲು ದಾರಿ ಮಾಡಿದವರು ಸಾಹುಕಾರರೇ. "ಓದವ್ವ. ಓದ್ಬಿಟ್ಟು ನಮ್ಗೇ ಲಾ ಪಾಯಿಂಟ್ ಹಾಕ್ಬ್ಯಾಡ" ಎಂದಿದ್ದರು. ಇಷ್ಟು ಮಾಡಿದವರ ಬಗ್ಗೆ ಮೆತ್ತಗೆ ಬರೆಯಬೇಕೆಂದು ಎರಡು ಸಲ ಕೂತೆ. ಆಗಲಿಲ್ಲ.

ಮಿಲ್ಲಿನ ಆಯುಧಪೂಜೆಯಲ್ಲಿ ಒಂದು ಪದ್ಧತಿಯಿತ್ತು. ಫಿಟ್ಟರುಗಳು ಸ್ಪ್ಯಾನರು, ಸುತ್ತಿಗೆ ಇಡುತ್ತಿದ್ದರು. ಯಂತ್ರಕ್ಕೆ ಹತ್ತಿ ಉಣಿಸುವ ಹೆಂಗಸರದು ಬರಿಗೈ ಕೆಲಸ. ಇಡಲು ಆಯುಧವಿಲ್ಲದೆ ಅವರು ತಮ್ಮ ಹಾಜರಿ ಕಾರ್ಡು ಇಡುತ್ತಿದ್ದರು. ವರ್ಷಕ್ಕೊಂದು ಕಾರ್ಡು. ಬಂದ ದಿನಗಳಿಗೆಲ್ಲ ಅದರಲ್ಲಿ ಅಪ್ಪನ ಕೈಯ ಗುರುತು. ಮರುದಿನ ಬೆಳಿಗ್ಗೆ ಕುಂಕುಮ ಹಚ್ಚಿದ ಕಾರ್ಡು ವಾಪಸು ಸಿಗುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ದಸರಾ ರಜೆಗೆ ಊರಿಗೆ ಬಂದಿದ್ದ ನನಗೆ ಅಪ್ಪ ಹೇಳಿದರು: "ಈ ಸಲ ಹಳೇ ಕಾರ್ಡೆಲ್ಲಾ ಇಸ್ಕಂಡ್ ಬಾರವ್ವ. ಸಾಹುಕಾರ್ರು ದೊಡ್ಡ ಪೂಜೆ ಮಾಡ್ತಾರಂತೆ."

ನಾನು ಮನೆಮನೆಗೆ ಹೋದೆ. ಹನ್ನೊಂದು ವರ್ಷ ಯಂತ್ರದ ಮುಂದೆ ಕೂತಿದ್ದ ರುದ್ರಮ್ಮ, ರಾಗಿ ಡಬ್ಬದೊಳಗಿಂದ ಬಟ್ಟೆಯ ಗಂಟು ತೆಗೆದು, ಒಂದೊಂದೇ ಎಣಿಸಿ ಕೊಟ್ಟರು. "ಜ್ವಾಪಾನ ಕಣವ್ವ. ಇದ್ರಾಗೆ ನನ್ ಸೊಂಟ ಐತೆ" ಎಂದರು. ನಾನು ನಗುತ್ತಾ ಮುಂದಿನ ಮನೆಗೆ ಹೋದೆ. ಪೂಜೆಯ ದಿನದ ನನ್ನ ದಿನಚರಿಯಲ್ಲಿ ಬರೆದಿರುವುದು ಇಷ್ಟೇ: ‘ಪೂಜೆ ಚೆನ್ನಾಗಿತ್ತು. ಕೋಸಂಬರಿಗೆ ಉಪ್ಪು ಜಾಸ್ತಿ.’

ಮರುದಿನ ಬೆಳಿಗ್ಗೆ ಗೇಟಿಗೆ ಬೀಗ. ಕಾರ್ಡುಗಳು ಒಳಗೆ. ನೋಟಿಸಿಲ್ಲ, ಒಂದು ಮಾತಿಲ್ಲ. ಸಾಹುಕಾರರು ದಿವಾಳಿ ಅರ್ಜಿ ಹಾಕಿದ್ದಾರೆಂದು ವಾರದ ಮೇಲೆ ಗೊತ್ತಾಯಿತು. ದಿವಾಳಿಯಾದದ್ದು ಸುಳ್ಳಲ್ಲ, ಬ್ಯಾಂಕಿನವರು ಬಂದು ಯಂತ್ರಗಳಿಗೆ ಸೀಲು ಹಾಕಿದರು. ವ್ಯಾಪಾರದಲ್ಲಿ ಸೋತದ್ದಕ್ಕೆ ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಆಮೇಲೆ ನಡೆದದ್ದಕ್ಕೆ.

ಹೆಂಗಸರ ಪರವಾಗಿ ನಾನೇ ಅರ್ಜಿ ಬರೆದೆ. ಚಿಕ್ಕಮಗಳೂರಿನಲ್ಲಿ ಕಾರ್ಮಿಕ ಅಧಿಕಾರಿ ಸಮಾಧಾನವಾಗಿ ವಿವರಿಸಿದರು: "ಮುಚ್ಚೋಕೆ ಮುಂಚೆ ನೋಟಿಸು ಕೊಡಬೇಕಿತ್ತು. ಪರಿಹಾರ ಅಂದರೆ, ದುಡಿದ ಒಂದೊಂದು ವರ್ಷಕ್ಕೂ ಹದಿನೈದು ದಿನದ ಕೂಲಿ. ದಿವಾಳಿ ಆದ್ರೂ ಆ ಹಕ್ಕು ಹೋಗಲ್ಲಮ್ಮ. ಆದರೆ ಎಷ್ಟು ವರ್ಷ ದುಡಿದ್ರಿ ಅನ್ನೋದಕ್ಕೆ ದಾಖಲೆ ಬೇಕು."

ವಿಚಾರಣೆಗೆ ಸಾಹುಕಾರರು ಬಂದರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಪಂಚೆ. ಇವರೆಲ್ಲ ಹೋದ ವರ್ಷವಷ್ಟೇ ಬಂದ ಕೂಲಿಯವರು ಎಂದರು. ಮಿಲ್ಲಿನ ಹಾಜರಿ ಪುಸ್ತಕವಾದ ಮಸ್ಟರ್ ರೋಲು ಗೆದ್ದಲು ತಿಂದಿದೆಯಂತೆ. ಕಾರ್ಡು ಕೊಡುವ ಪದ್ಧತಿಯೇ ಮಿಲ್ಲಿನಲ್ಲಿರಲಿಲ್ಲವಂತೆ. ಅಪ್ಪ ಸಾಕ್ಷಿಗೆ ಬರಲಿಲ್ಲ. ಅಷ್ಟರಲ್ಲಿ ತರೀಕೆರೆಯಲ್ಲಿ ಸಾಹುಕಾರರ ಅಣ್ಣನ ಅಂಗಡಿಯಲ್ಲಿ ಅಪ್ಪನಿಗೆ ಕೆಲಸವಾಗಿತ್ತು. ಕಾರ್ಡು ಸಂಗ್ರಹಿಸಿದವಳು ನಾನೇ ಎಂದು ನಾನು ಎದ್ದು ನಿಂತೆ.

ಸಾಹುಕಾರರು ನನ್ನ ಕಡೆ ತಿರುಗಿ ಪ್ರೀತಿಯಿಂದಲೇ ಕೇಳಿದರು. "ಈ ರುದ್ರಮ್ಮುಂದು ಎಷ್ಟಿದ್ವು ಮಗಾ?"

"ಹನ್ನೊಂದು ಅಂತ ಅವರು…"

"ಅವ್ಳು ಹೇಳಿದ್ದು ಬ್ಯಾಡ. ನೀನು ಎಣಿಸಿದ್ಯಾ?"

ನಾನು ಎಣಿಸಿರಲಿಲ್ಲ. ಕಂಡದ್ದನ್ನಷ್ಟೇ ಹೇಳಬೇಕೆಂದು ಕಲಿತಿದ್ದೆ. ಇಲ್ಲ ಎಂದೆ.

"ನೋಡಿ ಸ್ವಾಮಿ" ಎಂದು ಅವರು ಅಧಿಕಾರಿಯ ಕಡೆ ತಿರುಗಿದರು. "ಸುಳ್ಳಾಡೋ ಹುಡುಗಿ ಅಲ್ಲ ಇದು. ನಾನೇ ಓದ್ಸಿದ್ದು."

ವಾಪಸು ಬರುವಾಗ ಕಡೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ರುದ್ರಮ್ಮ ನನ್ನ ಪಕ್ಕ ಕೂತರು. ಆಮೇಲೆ ಕೇಳಿದರು. "ಹನ್ನೊಂದು ಅನ್ನಾಕೆ ಏನಾಗಿತ್ತೇ ನಿಂಗೆ?"

"ನಾನು ಎಣಿಸಿರಲಿಲ್ಲ ರುದ್ರಕ್ಕ."

"ನಿನ್ ಮುಂದೇನೇ ನಾನೆಣಿಸ್ಲಿಲ್ವೇನೇ? ನನ್ ಎಣಿಕೆ ಎಣಿಕೆ ಅಲ್ವಾ?"

ನಾನು ಟೀ ತಂದುಕೊಟ್ಟೆ. ಮುಟ್ಟಲಿಲ್ಲ. "ನೀನೂ ಅವ್ರ ಮನೆ ಹುಡುಗೀನೇ ಬಿಡು" ಎಂದು ಎದ್ದುಹೋಗಿ, ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತರು.

ಯಂತ್ರಗಳು ಹರಾಜಾಗಿ, ಬ್ಯಾಂಕಿನ ಪಾಲು ಮುಗಿದ ಮೇಲೆ, ಸಾಹುಕಾರರು ಒಪ್ಪಿಕೊಂಡಿದ್ದ ಆ ಒಂದೇ ವರ್ಷದ ಪರಿಹಾರ ರುದ್ರಮ್ಮನಿಗೆ ಬಂತು. ಹದಿನೈದು ದಿನದ ಕೂಲಿ. ಉಳಿದ ಹತ್ತು ವರ್ಷ ಅವರು ಎಲ್ಲಿದ್ದರೆಂದು ಯಾವ ಕಾಗದವೂ ಹೇಳುವುದಿಲ್ಲ.

ಹೋದ ಬೇಸಿಗೆಯಲ್ಲಿ ಸಾಹುಕಾರರು ತರೀಕೆರೆಯಲ್ಲಿ ತೀರಿಕೊಂಡರು. ಅಪ್ಪನ ಜೊತೆ ಹೋಗಿದ್ದೆ. ಹೂವಿನ ಹಾರ ಹಾಕಿ ಕೂರಿಸಿದ್ದರು. ಬಂದವರೆಲ್ಲ ಅವರನ್ನು ಧರ್ಮಾತ್ಮರು ಎನ್ನುತ್ತಿದ್ದರು. ನನಗೆ ದುಃಖವಾಗಲಿಲ್ಲ. ಅವರು ಕೊಡಿಸಿದ ಓದು ನನ್ನಲ್ಲಿದೆ. ಅದನ್ನು ಹಿಂತಿರುಗಿಸುವಂತಿಲ್ಲ, ಅದಕ್ಕಾಗಿ ಕೈಮುಗಿಯಲು ಮನಸ್ಸೂ ಬರಲಿಲ್ಲ.

ಮಣ್ಣು ಮುಗಿಸಿಕೊಂಡು ಹೊರಗೆ ಬಂದಾಗ ಅಪ್ಪನನ್ನು ಕೇಳಿದೆ.

"ಹಳೇ ಕಾರ್ಡೆಲ್ಲಾ ಇಸ್ಕಂಡ್ ಬಾ ಅಂದ್ಯಲ್ಲಪ್ಪ, ಅವತ್ತೇ ನಿಂಗೆ ಗೊತ್ತಿತ್ತಾ?"

ಅಪ್ಪ ಚಪ್ಪಲಿ ಹುಡುಕುತ್ತಿದ್ದರು. ಸಿಕ್ಕಿದ ಮೇಲೂ ತಲೆ ಎತ್ತಲಿಲ್ಲ. ಈಗಲೂ ನನಗೆ ವಾರಕ್ಕೊಂದು ಕಾಗದ ಬರೆಯುತ್ತಾರೆ. ಅದರಲ್ಲಿ ಮಳೆ, ಬೆಳೆ, ಅಮ್ಮನ ಮಂಡಿನೋವು ಎಲ್ಲ ಇರುತ್ತದೆ.