ಸೋಪು ಹಾಕಿ ತೊಳೆದ ನಳಿಕೆ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವಳನ್ನು ಎಲ್ಲರೂ ಫಳಫಳಕ್ಕ ಎಂದೇ ಕರೆಯುತ್ತಿದ್ದರು. ಅವಳು ತೊಳೆದಿಟ್ಟ ನಳಿಕೆ ಯಾವುದು, ಪೆಟ್ಟಿಗೆಯಿಂದ ತೆಗೆದ ಹೊಸದು ಯಾವುದು ಎಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಬಳಸಿದ್ದನ್ನು ಬಿಸಾಡು ಎಂದರೆ ಅವಳ ಜೀವ ಒಪ್ಪುತ್ತಿರಲಿಲ್ಲ. ಸೋಪಿನ ಪುಡಿ ಹಾಕಿ ಉಜ್ಜಿ, ಒಣಗಿಸಿ, ಸದ್ದಿಲ್ಲದೆ ಹೊಸದರ ಜೊತೆಗೇ ಜೋಡಿಸಿಬಿಡುತ್ತಿದ್ದಳು.

ಆ ಮಧ್ಯಾಹ್ನ ಹಾವು ಕಚ್ಚಿಸಿಕೊಂಡು ಬಂದವನು ಅವಳ ಸ್ವಂತ ತಮ್ಮ. ಗಾರೆ ಕೆಲಸದವನು, ಇಟ್ಟಿಗೆ ರಾಶಿಗೆ ಕೈ ಹಾಕಿದ್ದ. ಬಾಲ ಕಂಡಿತೇ ಹೊರತು ಯಾವ ಹಾವೆಂದು ತಿಳಿಯಲಿಲ್ಲ. ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಅವನ ರಕ್ತವನ್ನು ಗಾಜಿನ ನಳಿಕೆಗೆ ಹಾಕಿಸಿ ಇಪ್ಪತ್ತು ನಿಮಿಷ ಕಾದರು. ಹೆಪ್ಪುಗಟ್ಟಿದರೆ ಸದ್ಯಕ್ಕೆ ಭಯವಿಲ್ಲ, ಇಲ್ಲದಿದ್ದರೆ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. ನಳಿಕೆ ಓರೆ ಮಾಡಿದರೆ ರಕ್ತ ನೀರಿನಂತೆ ಹರಿಯಿತು.

ವಿಷದ ಮದ್ದು ಕೊಡಲೇಬೇಕು ಎಂದರು ಡಾಕ್ಟರಮ್ಮ. ಆದರೂ ಅವರ ಹುಬ್ಬು ಗಂಟಿಕ್ಕಿತ್ತು. ತಮ್ಮನಿಗೆ ಚಿಕ್ಕಂದಿನಿಂದ ದಮ್ಮು, ಆ ಮದ್ದೇ ಕೆಲವರಿಗೆ ತಿರುಗಿಬಿದ್ದು ಉಸಿರು ಕಟ್ಟಿಸುತ್ತದೆ. ಅವರು ನರ್ಸನ್ನು ಕೇಳಿದರು: "ನಳಿಕೆ ಹೊಸದು ತಾನೆ? ಸೋಪು ಒಂಚೂರು ಉಳಿದಿದ್ರೂ ಒಳ್ಳೇ ರಕ್ತಾನೂ ಹೆಪ್ಪುಗಟ್ಟಲ್ಲ."

ಹೊಸದೇ ಎಂದಳು ನರ್ಸ್.

ಬಾಗಿಲಲ್ಲಿ ನಿಂತಿದ್ದ ಫಳಫಳಕ್ಕ ಒಂದು ಹೆಜ್ಜೆ ಒಳಗಿಟ್ಟಳು. ಹೇಳಿದರೆ ಕೆಲಸ ಹೋಗಬಹುದು, ಹಾಳಾಗಿ ಹೋಗಲಿ. ಆದರೆ ಆ ನಳಿಕೆ ನಿಜಕ್ಕೂ ಹೊಸದಾಗಿದ್ದರೆ? ತನ್ನ ಮಾತು ನಂಬಿ ತಡಮಾಡಿ, ಅಷ್ಟರಲ್ಲಿ ವಿಷ ಏರಿ ತಮ್ಮ ಕೈತಪ್ಪಿ ಹೋದರೆ?

"ಡಾಕ್ಟ್ರೇ, ನಾನು ತೊಳೆದದ್ದನ್ನೂ ಹೊಸದ್ರ ಜೊತೆಗೇ ಇಡ್ತೀನಿ. ಇದು ಯಾವುದೋ ನಂಗೇ ಗೊತ್ತಿಲ್ಲ."

ಡಾಕ್ಟರಮ್ಮ ತಮ್ಮನ ಒಸಡು ನೋಡಿದರು, ಕೈ ಒತ್ತಿ ನೋಡಿದರು. ರಕ್ತ ಒಸರಿರಲಿಲ್ಲ, ಬಾವೂ ಬಂದಿರಲಿಲ್ಲ. ಮದ್ದನ್ನು ಪಕ್ಕದಲ್ಲೇ ಸಿದ್ಧವಾಗಿಡಿಸಿ, ಹೊಸ ಪೆಟ್ಟಿಗೆ ಒಡೆಸಿ ಮತ್ತೆ ರಕ್ತ ಹಾಕಿಸಿದರು.

ಇನ್ನೂ ಇಪ್ಪತ್ತು ನಿಮಿಷ. ನಳಿಕೆಯನ್ನು ಯಾರೂ ಅಲುಗಿಸುವಂತಿಲ್ಲ. "ಅಕ್ಕಾ, ನಿನ್ನ ಮುಖ ನೋಡಿದ್ರೆ ಹಾವು ನಿಂಗೇ ಕಚ್ಚಿದ ಹಾಗಿದೆ" ಎಂದು ತಮ್ಮ ಛೇಡಿಸಿದ. ಅವನು ಕೆಮ್ಮಿದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಗಡಿಯಾರದ ಮುಳ್ಳು ಅವಳ ಪಾಲಿಗೆ ಸತ್ತೇ ಹೋಗಿತ್ತು.

ಡಾಕ್ಟರಮ್ಮ ನಳಿಕೆ ಎತ್ತಿ ಓರೆ ಮಾಡಿದರು. ರಕ್ತ ತಳದಲ್ಲೇ ಗಟ್ಟಿಯಾಗಿ ಕೂತಿತ್ತು. ಸದ್ಯಕ್ಕೆ ಮದ್ದು ಬೇಡ, ನಾಳೆಯವರೆಗೂ ಇಲ್ಲೇ ಇರಲಿ, ಮತ್ತೆ ಮತ್ತೆ ರಕ್ತ ನೋಡೋಣ ಎಂದರು. ಅವಳು ತಮ್ಮನ ಮಂಚಕ್ಕೆ ಹಣೆ ಆನಿಸಿ ಅತ್ತುಬಿಟ್ಟಳು.

ಡಾಕ್ಟರಮ್ಮ ಮೆಲ್ಲಗೆ ಕೇಳಿದರು: "ಎಷ್ಟು ದಿನದಿಂದ ಹೀಗೆ ತೊಳೆದಿಡ್ತಿದ್ದೀರಮ್ಮಾ?"

"ಹನ್ನೊಂದು ವರ್ಷ" ಎಂದಳು.

ಹೇಳಿದ ಮೇಲೆಯೇ ಅವಳಿಗೆ ನೆನಪಾಯಿತು: ಹೋದ ಬೇಸಿಗೆಯಲ್ಲಿ ಇದೇ ಮಂಚದ ಮೇಲೆ, ಇದೇ ಮದ್ದು ಏರಿಸುತ್ತಿರುವಾಗಲೇ ಹಾವು ಕಚ್ಚಿತೆಂದು ಬಂದ ಒಬ್ಬ ಹೆಂಗಸಿನ ಉಸಿರು ನಿಂತುಹೋಗಿತ್ತು. ಆ ಹೆಂಗಸಿಗೆ ನಿಜವಾಗಿ ವಿಷ ಏರಿತ್ತೇ ಎಂದು ಇನ್ನು ಯಾರನ್ನೂ ಕೇಳುವ ಹಾಗಿರಲಿಲ್ಲ.